ಯಾರ್ಕ್‌ಗೆ ಹೊಸದಾಗಿ ಬಂದವರಿಗೆ: ಎಲ್ಲೆಲ್ಲೂ ಕಾಣುವ ಈ ‘ಈಬೋರ್’

ಆಸ್ಪತ್ರೆ ಕೆಲಸಕ್ಕೋ ಓದಿಗೋ ಇಂಗ್ಲೆಂಡಿನ ಯಾರ್ಕ್‌ಗೆ ಬಂದ ನಮ್ಮವರು ಕೆಲವೇ ದಿನಗಳಲ್ಲಿ ಕೇಳುತ್ತಾರೆ, ಬೋರ್ಡುಗಳ ಮೇಲೆ ಕಾಣುವ ಈ ‘ಈಬೋರ್’ ಯಾರು ಅಂತ. ಅದು ಮನುಷ್ಯರ ಹೆಸರಲ್ಲ, ಈ ಊರಿನದೇ ಲ್ಯಾಟಿನ್ ಹೆಸರು. ಕ್ರಿ.ಶ. 71ರ ಸುಮಾರಿಗೆ ರೋಮನ್ನರ ಒಂಬತ್ತನೇ ಲೀಜನ್ (ಸೇನಾದಳ) ಊಸ್ ಮತ್ತು ಫಾಸ್ ನದಿಗಳು ಕೂಡುವಲ್ಲಿ ಕೋಟೆ ಕಟ್ಟಿತು; ಅದೇ ಎಬೊರಾಕಮ್. ಅದರ ಮೊಟಕು ರೂಪ ಈಬೋರ್. ಇಲ್ಲಿನ ಆರ್ಚ್‌ಬಿಷಪ್ ಇಂದಿಗೂ ಮನೆತನದ ಹೆಸರಿನ ಬದಲು ಅದನ್ನೇ ಸೇರಿಸಿ ಸಹಿ ಹಾಕುತ್ತಾರೆ.

ನಿಮಗೆ ತಕ್ಷಣ ಬೇಕಾದ ವಿಷಯ: ಆಗಸ್ಟ್‌ನಲ್ಲಿ ‘ಈಬೋರ್ ಫೆಸ್ಟಿವಲ್’ ಬರುತ್ತದೆ. ನೇವ್ಸ್‌ಮೈರ್ ಮೈದಾನದ ಕುದುರೆ ರೇಸು. ಅದರಲ್ಲಿನ ಹೆಸರಾಂತ ರೇಸು ಈಬೋರ್ ಹ್ಯಾಂಡಿಕ್ಯಾಪ್ 1843ರಿಂದ ನಡೆದುಬಂದದ್ದು. ಆ ದಿನಗಳಲ್ಲಿ ರೈಲು ತುಂಬಿರುತ್ತದೆ, ಹೋಟೆಲ್ ಬಾಡಿಗೆ ಏರುತ್ತದೆ. ಊರಿಂದ ಅಪ್ಪ-ಅಮ್ಮನನ್ನು ಕರೆಸುವವರು ತಾರೀಖು ನೋಡಿಕೊಂಡು ಟಿಕೆಟ್ ಮಾಡಿಸಿ.

ಅವರು ಬಂದಾಗ ಎಲ್ಲರೂ ನೇರ ಶ್ಯಾಂಬಲ್ಸ್ ಬೀದಿಗೆ ಕರೆದೊಯ್ಯುತ್ತಾರೆ. ನಾನಾದರೆ ಮೊದಲು ಮ್ಯೂಸಿಯಂ ಗಾರ್ಡನ್ಸ್‌ಗೆ ಹೋಗಿ ಅನ್ನುತ್ತೇನೆ, ತೋಟಕ್ಕೆ ದುಡ್ಡಿಲ್ಲ. ಅಲ್ಲಿನ ಮಲ್ಟ್ಯಾಂಗ್ಯುಲರ್ ಬುರುಜಿನ ಕೆಳಭಾಗ ನೋಡಿ: ಸಣ್ಣ ಕಲ್ಲುಗಳು, ನಡುವೆ ಕೆಂಪು ಇಟ್ಟಿಗೆಯ ಪಟ್ಟಿ. ಅದು ರೋಮನ್ನರ ಕೈಕೆಲಸ. ಮೇಲಿನ ದೊಡ್ಡ ಕಲ್ಲುಗಳನ್ನು ಮಧ್ಯಯುಗದವರು ಏರಿಸಿದ್ದು. ಅಲ್ಲಿಂದ ಸ್ಟೋನ್‌ಗೇಟ್ ಬೀದಿ ಹಿಡಿದು ಮಿನ್‌ಸ್ಟರ್ ಕಡೆ, ಅಂದರೆ ಊರಿನ ದೊಡ್ಡ ಚರ್ಚಿನ ಕಡೆ, ನಡೆಯಿರಿ. ಸ್ಟೋನ್‌ಗೇಟ್, ಪೀಟರ್‌ಗೇಟ್ ಎರಡೂ ರೋಮನ್ ಕೋಟೆಯ ಮುಖ್ಯ ಬೀದಿಗಳ ಜಾಡಿನಲ್ಲೇ ಇವೆ. ಮಿನ್‌ಸ್ಟರ್‌ನ ದಕ್ಷಿಣಕ್ಕೆ ಕಾನ್‌ಸ್ಟಂಟೈನ್ ಪ್ರತಿಮೆ ಕೂತಿದೆ. 306ರಲ್ಲಿ ತಂದೆ ಕಾನ್‌ಸ್ಟಾಂಟಿಯಸ್ ಈ ಊರಲ್ಲೇ ತೀರಿಕೊಂಡಾಗ ಸೈನಿಕರು ಮಗನನ್ನು ಇಲ್ಲೇ ಚಕ್ರವರ್ತಿಯೆಂದು ಸಾರಿದರು. ಹತ್ತಿರದಲ್ಲೇ ನಿಂತಿರುವ ಕಂಬ 1969ರಲ್ಲಿ ಮಿನ್‌ಸ್ಟರ್ ಅಡಿಯ ಉತ್ಖನನದಲ್ಲಿ ಸಿಕ್ಕಿದ್ದು. ಇಷ್ಟು ದೊಡ್ಡ ಚರಿತ್ರೆ ನಾವು ದಿನಾ ಸಾಮಾನು ತರಲು ಹೋಗುವ ದಾರಿಯಲ್ಲಿದೆ ಎಂಬುದು ನನಗೆ ಈಗಲೂ ಹೆಮ್ಮೆ.

ರೋಮನ್ನರ ನಂತರ ಆಂಗ್ಲರು, 866ರಲ್ಲಿ ವೈಕಿಂಗರು. ವೈಕಿಂಗರು ಊರನ್ನು ಕರೆದ ಯೋರ್ವಿಕ್ ಎಂಬ ಹೆಸರೇ ಸವೆದು ಯಾರ್ಕ್ ಆಯಿತು. ಇಲ್ಲಿ ‘ಗೇಟ್’ ಅಂದರೆ ಬೀದಿ ಅನ್ನುವುದೂ ಅವರ ಮಾತಿನಿಂದಲೇ ಬಂದದ್ದು. ಕೋಟೆಯ ಹೆಬ್ಬಾಗಿಲಿಗೆ ‘ಬಾರ್’ ಅನ್ನುತ್ತಾರೆ. ಯಾರಾದರೂ ಮಂಕ್ ಬಾರ್ ಹತ್ತಿರ ಬನ್ನಿ ಅಂದರೆ ಹೆಬ್ಬಾಗಿಲ ಬಳಿ ಹೋಗಿ.

ಕೋಟೆಗೋಡೆಯ ಮೇಲೆ ನಡೆಯಲೂ ದುಡ್ಡಿಲ್ಲ, ಆದರೆ ಕತ್ತಲಾಗುವ ಹೊತ್ತಿಗೆ ಮುಚ್ಚುತ್ತಾರೆ. ಮೆಟ್ಟಿಲು ಕಡಿದಾಗಿದೆ, ಮಗುವಿನ ತಳ್ಳುಗಾಡಿ ಬೇಡ. ಕೆಲವೆಡೆ ಒಳಬದಿಗೆ ಕಂಬಿಯಿಲ್ಲ. ಮಕ್ಕಳ ಕೈ ಬಿಡಬೇಡಿ.