ಸಂಶೋಧನೆ ಬಿಪಿ ರಿಜಿಸ್ಟರಿನಿಂದಲೇ ಶುರುವಾಗಲಿ
ಕಾಸರಗೋಡಿನ ಕುಟುಂಬ ಆರೋಗ್ಯ ಕೇಂದ್ರಗಳಲ್ಲಿರುವ ಡಾಕ್ಟರ್, ನರ್ಸ್, ಆಶಾ ಕಾರ್ಯಕರ್ತೆಯರಿಗೆ ಒಂದು ಮಾತು. ಸಂಶೋಧನೆ ಅಂದರೆ ಮೆಡಿಕಲ್ ಕಾಲೇಜಿನವರ ಕೆಲಸ ಅಂತ ಸುಮ್ನೆ ಕೂರಬೇಡಿ. ಮೇಜಿನ ಮೇಲಿರುವ ಬಿಪಿ ರಿಜಿಸ್ಟರ್ ಸಾಕು.

ಪ್ರಶ್ನೆ ಒಂದೇ ಇರಲಿ. ಹೋದ ಮೂರು ತಿಂಗಳಲ್ಲಿ ಬಂದವರಲ್ಲಿ ಎಷ್ಟು ಜನರ ಬಿಪಿ 140/90ಕ್ಕಿಂತ ಕೆಳಗೆ, ಅಂದರೆ ಹತೋಟಿಯಲ್ಲಿ ಇದೆ? ಎಣಿಸುವಾಗ ಕೊನೆಯ ಅಂಕಿ ನೋಡಿ. ಸಾಲಾಗಿ 130/80, 140/90, 150/90 ಅಂತ ಬರೀ ಸೊನ್ನೆಗಳೇ ಇದ್ದರೆ ಯಾರೋ ಅಂದಾಜಿಗೆ ಬರೆದಿದ್ದಾರೆ. ನಾನೂ ಹಾಗೆ ಬರೆದವಳೇ! ಅದನ್ನು ಮೊದಲು ಸರಿಮಾಡಿ.

ಮನೆಗೆ ಹೋಗಿ "ಮಾತ್ರೆ ಸರಿಯಾಗಿ ತಗೊಳ್ತೀರಾ?" ಅಂದರೆ ಎಲ್ಲರೂ ಹೌದು ಅಂತಾರೆ, ಅಲ್ವಾ? "ಹೋದ ವಾರ ಎಷ್ಟು ದಿನ ತಪ್ಪಿತು?" ಅಂತ ಕೇಳಿ. ಮಲಯಾಳದಲ್ಲಿರುವ ಪ್ರಶ್ನೆಗಳ ಫಾರ್ಮನ್ನು ನಿಂತಲ್ಲೇ ಕನ್ನಡಕ್ಕೋ ತುಳುವಿಗೋ ತಿರುಗಿಸಿದರೆ ಒಬ್ಬೊಬ್ಬರದು ಒಂದೊಂದು ಪ್ರಶ್ನೆ ಆಗುತ್ತದೆ. ಮೊದಲೇ ಬರೆದಿಟ್ಟು, ಐದಾರು ಜನರ ಹತ್ತಿರ ಕೇಳಿ ನೋಡಿ.

ರೋಗಿಯ ಹೆಸರು ಬರೆಯಬೇಡಿ, ಒಬ್ಬೊಬ್ಬರಿಗೆ ಒಂದು ಕ್ರಮಸಂಖ್ಯೆ ಸಾಕು. ಪ್ರಕಟಿಸುವ ಯೋಚನೆ ಇದ್ದರೆ ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಸಂಶೋಧನಾ ನೀತಿ ಮಾರ್ಗಸೂಚಿ ಓದಿಕೊಳ್ಳಿ. ಎಥಿಕ್ಸ್ ಕಮಿಟಿಯ (ಸಂಶೋಧನೆಯಿಂದ ಜನರಿಗೆ ತೊಂದರೆ ಆಗದಂತೆ ನೋಡಿಕೊಳ್ಳುವ ಸಮಿತಿ) ಒಪ್ಪಿಗೆ ಕೆಲಸ ಶುರು ಮಾಡುವ ಮೊದಲೇ ಕೈಯಲ್ಲಿರಬೇಕು.