ನಾಲ್ಕು ಸಿ.ಎಲ್., ಒಂಬತ್ತು ದಿನ, ಮುನ್ನೂರು ಮೊಂಬತ್ತಿ

2024ರಲ್ಲಿ ಈಸ್ಟರ್ ಮಾರ್ಚ್ 31ಕ್ಕೆ ಬಿದ್ದಿತ್ತು. ಸರ್ಕಾರಿ ಕಚೇರಿಯ ಲೆಕ್ಕಪತ್ರ ಶಾಖೆಯಲ್ಲಿ ಇರೋರಿಗೆ ಆ ತಾರೀಖು ಅಂದರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಶುಭ ಶುಕ್ರವಾರ ಶಿಲುಬೆಗೆ ಮುತ್ತಿಟ್ಟು ಹೊರಗೆ ಬಂದರೆ ಫೋನಿನಲ್ಲಿ ಹನ್ನೊಂದು ಮಿಸ್ಡ್ ಕಾಲ್. ಶನಿವಾರ ರಾತ್ರಿ ಮನೆಯವರೆಲ್ಲ ಪಾಸ್ಖ ಜಾಗರಣೆಗೆ, ಅಂದರೆ ಈಸ್ಟರ್ ಮುನ್ನಾರಾತ್ರಿಯ ಪೂಜೆಗೆ, ಹೋದರು, ನಾನು ಹಣಕಾಸು ವರ್ಷಾಂತ್ಯದ ಬಿಲ್ಲುಗಳ ಮುಂದೆ ಕೂತಿದ್ದೆ. ಹನ್ನೆರಡು ವರ್ಷದಿಂದ ಚರ್ಚಿನ ಸಾಮಗ್ರಿ ನೋಡಿಕೊಳ್ಳೋನು ನಾನು. ಆ ರಾತ್ರಿ ಬೆಂಕಿಪೊಟ್ಟಣ ಎಲ್ಲಿದೆ ಅಂತ ಕೇಳೋಕೆ ಫಾದರ್ ಕಚೇರಿಗೇ ಫೋನ್ ಮಾಡಿದ್ದರು.

ಅದಕ್ಕೇ 2025ರ ಕ್ಯಾಲೆಂಡರ್ ಕೈಗೆ ಬಂದ ದಿನವೇ ಪೆನ್ನು ಹಿಡಿದು ಕೂತೆ. ಏಪ್ರಿಲ್ 12 ಎರಡನೇ ಶನಿವಾರ, ರಜೆ. 13 ಗರಿಗಳ ಭಾನುವಾರ. 14 ಸೋಮವಾರ ಅಂಬೇಡ್ಕರ್ ಜಯಂತಿ. 18 ಶುಭ ಶುಕ್ರವಾರ. 20 ಈಸ್ಟರ್. ನಡುವೆ 15, 16, 17, ಆಮೇಲೆ 19, ಇಷ್ಟಕ್ಕೆ ಸಿ.ಎಲ್. (ಸಾಂದರ್ಭಿಕ ರಜೆ) ಹಾಕಿದರೆ ಒಂಬತ್ತು ದಿನ ಕಚೇರಿ ಮೆಟ್ಟಿಲು ಹತ್ತೋದು ಬೇಡ. ಅರ್ಜಿಯನ್ನು ಫೆಬ್ರವರಿಯಲ್ಲೇ ಕೊಟ್ಟೆ. ಏಪ್ರಿಲ್‌ನಲ್ಲಿ ಕೊಟ್ಟರೆ ನನ್ನ ಪಕ್ಕದ ಟೇಬಲ್ಲಿನವರ ಮಗಳ ಮದುವೆ, ಎದುರಿನವರ ಊರ ಜಾತ್ರೆ ಎಲ್ಲ ನನಗಿಂತ ಮುಂದೆ ನಿಂತಿರುತ್ತವೆ.

ಸಾಹೇಬರು ಅರ್ಜಿ ನೋಡಿ, "ಏನ್ರೀ, ನಿಮ್ಮ ಹಬ್ಬ ಭಾನುವಾರ ಐತೆ. ಶುಕ್ರವಾರ ಸರ್ಕಾರನೇ ರಜ ಕೊಟ್ಟೈತೆ. ಮಂಗಳವಾರದಿಂದ ಏನ್ ಮಾಡ್ತೀರಿ?" ಅಂದರು. ಆಮೇಲೆ ಅವರಿಗೇ ಕುತೂಹಲ: "ಅದೂ ಒಂದೊಂದು ವರ್ಷ ಒಂದೊಂದು ತಾರೀಖಿಗೆ ಯಾಕ್ ಬರ್ತದೆ?"

"ನಮ್ಮದೂ ಹುಣ್ಣಿಮೆ ಲೆಕ್ಕನೇ ಸರ್. ಮಾರ್ಚ್ 21 ಇಲ್ಲಾ ಅದರ ನಂತರ ಬರೋ ಮೊದಲನೇ ಹುಣ್ಣಿಮೆ, ಅದು ಆದ ಮೇಲಿನ ಭಾನುವಾರ. ಹೋದ ವರ್ಷ ಹೋಳಿ ಹುಣ್ಣಿಮೆಗೆ ಸಿಕ್ಕಿಬಿತ್ತು. ಈ ಸಲ ದವನದ ಹುಣ್ಣಿಮೆ, ಹಂಪಿ ತೇರಿಂದು."

ಸಾಹೇಬರು ಪಂಚಾಂಗ ಬಲ್ಲವರು. ಗೋಡೆ ಕ್ಯಾಲೆಂಡರ್ ಕಡೆ ತಿರುಗಿ, "ದವನದ ಹುಣ್ಣಿಮೆ ಹನ್ನೆರಡಕ್ಕೆ ಐತಲ್ರೀ, ಹಂಗಾದ್ರೆ ಹದಿಮೂರಕ್ಕೇ ಆಗಬೇಕಿತ್ತು" ಅಂದರು. ನನಗೆ ಉತ್ತರ ಗೊತ್ತಿರಲಿಲ್ಲ. ಫಾದರ್‌ನ ಕೇಳಿದ ಮೇಲೆ ತಿಳಿಯಿತು: ಚರ್ಚು ಆಕಾಶ ನೋಡಿ ಲೆಕ್ಕ ಹಾಕೋದಿಲ್ಲ, ಅದಕ್ಕೆ ತನ್ನದೇ ಕೋಷ್ಟಕ ಇದೆ. ಅದರ ಪ್ರಕಾರ ಹುಣ್ಣಿಮೆ 13ಕ್ಕೆ, ಅಂದರೆ ಭಾನುವಾರವೇ. ಹುಣ್ಣಿಮೆ ಭಾನುವಾರ ಬಿದ್ದರೆ ಹಬ್ಬ ಅದರ ಮುಂದಿನ ಭಾನುವಾರಕ್ಕೆ ಹೋಗುತ್ತದೆ. ಮರುದಿನ ಇದನ್ನು ಹೇಳಿದ ಮೇಲೇ ರಜೆಗೆ ಸಹಿ ಬಿತ್ತು.

ಗರಿಗಳ ಭಾನುವಾರ ಚರ್ಚಿನಲ್ಲಿ ಎಲ್ಲರ ಕೈಗೂ ಗರಿ ಕೊಡಬೇಕು. ಆ ಕೆಲಸದಲ್ಲಿ ನಾನು ಹಿಂದೆ ಕಲಿತ ಪಾಠ ಒಂದಿದೆ. ಬಳ್ಳಾರಿ ಬಿಸಿಲಿಗೆ ಶುಕ್ರವಾರ ಕೊಯ್ದ ಗರಿ ಭಾನುವಾರಕ್ಕೆ ಸುರುಳಿ ಸುತ್ತಿಕೊಂಡು ಕಸಬರಿಗೆ ಕಡ್ಡಿ ಆಗಿರುತ್ತದೆ. ಈ ಸಲ ಶನಿವಾರ ಸಂಜೆ ಐದರ ಮೇಲೆ ಹಗರಿ ಕಡೆ ಹೋಗಿ, ಹೊಲದವರನ್ನ ಕೇಳಿ ಈಚಲ ಗರಿ ಕೊಯ್ದೆವು. ಆಟೋದಲ್ಲಿ ಒದ್ದೆ ಗೋಣಿಚೀಲ ಹಾಸಿ, ಮೇಲೂ ಒದ್ದೆ ಚೀಲ ಹೊದಿಸಿ ತಂದೆವು. ಈಚಲ ಗರಿಯ ಬುಡದಲ್ಲಿ ಮುಳ್ಳು ಇರುತ್ತದೆ. ಅದನ್ನು ಕುಡುಗೋಲಿನಲ್ಲಿ ಸವರದೆ ಮಕ್ಕಳ ಕೈಗೆ ಕೊಡಬಾರದು. ಮುಳ್ಳು ಸವರೋದಕ್ಕೇ ರಾತ್ರಿ ಹತ್ತಾಯಿತು. ಮಿಕ್ಕ ಗರಿಯನ್ನು ಬಿಸಾಡಬೇಡಿ. ಒಣಗಿಸಿ ಇಟ್ಟರೆ ಮುಂದಿನ ವರ್ಷ ಬೂದಿ ಬುಧವಾರ ಹಣೆಗೆ ಹಚ್ಚೋಕೆ ಅದರದೇ ಬೂದಿ.

ಮಂಗಳವಾರ ಬೆಳಿಗ್ಗೆ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಬೆಂಗಳೂರಿನಿಂದ ಇಬ್ಬರು ಕಾಲೇಜು ಗೆಳೆಯರು ಇಳಿದರು. ಇಬ್ಬರೂ ಕ್ರೈಸ್ತರಲ್ಲ, "ನಿನಗೆ ಒಂಬತ್ತು ದಿನ ರಜ ಅಂತೆ, ತಿರುಗೋಣ" ಅಂತ ಬಂದವರು. ಬುಧವಾರ ಬಿಸಿಲೇರೋ ಮುಂಚೆ ಕೋಟೆ ಗುಡ್ಡ ಹತ್ತಿಸಿದೆ. ಇಳಿದು ಬಂದು ಒಗ್ಗರಣೆ-ಮಿರ್ಚಿ ತಿಂದೆವು. ಮಧ್ಯಾಹ್ನ ಅವರನ್ನು ಕೌಲ್ ಬಜಾರಿನಲ್ಲಿ ಬಿರಿಯಾನಿಗೆ ಕೂರಿಸಿ, ನಾನು ಎದುರಿಗೆ ನಿಂಬೆ ಸೋಡಾ ಕುಡಿಯುತ್ತಾ ಕೂತೆ. ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದಲ್ಲಿ ಮಾಂಸ ಬಿಡೋದು ನಮ್ಮ ಮನೆಯ ಪದ್ಧತಿ. ಮಾರ್ಚ್ 5ರ ಬೂದಿ ಬುಧವಾರದಿಂದ ಅಲ್ಲಿವರೆಗೆ ನಲವತ್ತೆರಡು ದಿನ ತಡೆದಿದ್ದೆ. ಆ ಅರ್ಧ ಗಂಟೆ ತಡೆಯೋದು ಅಷ್ಟೂ ದಿನಕ್ಕಿಂತ ಕಷ್ಟವಾಯಿತು. ತಿರುಗಾಟ ಅಷ್ಟಕ್ಕೇ ನಿಂತಿತು. ಅವತ್ತು ಸಂಜೆಯಿಂದ ಇಬ್ಬರೂ ಕೂಲಿಯಿಲ್ಲದ ಕೆಲಸಗಾರರು.

ಪವಿತ್ರ ಗುರುವಾರ ಹನ್ನೆರಡು ಮಂದಿಯ ಪಾದ ತೊಳೆಯುವ ವಿಧಿ ಇದೆ. 2016ರಲ್ಲಿ ಪೋಪ್ ಫ್ರಾನ್ಸಿಸ್ ನಿಯಮ ಬದಲಿಸಿ ಹೆಂಗಸರೂ ಕೂರಬಹುದು ಅಂದ ಮೇಲೆ ನಮ್ಮಲ್ಲೂ ಹೆಂಗಸರು ಕೂರುತ್ತಾರೆ. ಇಲ್ಲಿ ಯಾರೂ ಹೇಳಿಕೊಡದ ಸಂಗತಿ ಒಂದೇ, ನೀರು. ಸಂಜೆ ಆರಕ್ಕೆ ಮಾಳಿಗೆ ಮೇಲಿನ ಸಿಂಟೆಕ್ಸ್ ನೀರು ಅನ್ನಕ್ಕೆ ಎಸರು ಇಟ್ಟಂತೆ ಇರುತ್ತದೆ. ಒಂದು ವರ್ಷ ಮೊದಲನೇ ಅಜ್ಜನ ಪಾದಕ್ಕೆ ಸುರಿದ ಕೂಡಲೇ ಅವರು ಕಾಲು ಎಳೆದುಕೊಂಡರು. ಜನ ಅದನ್ನು ಯೇಸು ಪಾದ ತೊಳೆಯೋಕೆ ಬಂದಾಗ ಬೇಡ ಅಂದ ಶಿಷ್ಯ ಪೇತ್ರನ ಹಾಗೆ ವಿನಯ ಅಂದುಕೊಂಡರು! ಈಗ ಬೆಳಿಗ್ಗೆಯೇ ಎರಡು ಮಣ್ಣಿನ ಕೊಡದಲ್ಲಿ ನೀರು ತುಂಬಿ ನೆರಳಲ್ಲಿ ಇಡುತ್ತೇನೆ.

ಅವತ್ತಿನ ಪೂಜೆಯಲ್ಲಿ ಮಹಿಮಾ ಗೀತೆಯ ಹೊತ್ತಿಗೆ ಗಂಟೆ ಬಾರಿಸಿದರೆ ಮುಗಿಯಿತು, ಶನಿವಾರ ರಾತ್ರಿ ಅದೇ ಗೀತೆ ಬರೋವರೆಗೆ ಗಂಟೆ ಇಲ್ಲ, ನಮ್ಮ ಚರ್ಚಿನಲ್ಲಿ ಕೀಬೋರ್ಡೂ ಇಲ್ಲ. ಬರೀ ಬಾಯಲ್ಲಿ ಹಾಡಬೇಕು. ನಮ್ಮ ಗಾಯನ ವೃಂದ ಕೀಬೋರ್ಡಿನ ಊರುಗೋಲು ಹಿಡಿದು ನಡೆಯುವಂಥದು. ಶುರುವಿನಲ್ಲೇ ಶ್ರುತಿ ಮೇಲಕ್ಕೆ ಹಿಡಿದು ಎರಡನೇ ಚರಣಕ್ಕೆ ಎಲ್ಲರ ಗಂಟಲೂ ಕಟ್ಟುತ್ತಿತ್ತು. ಬೆಂಗಳೂರಿನ ಗೆಳೆಯ ಫೋನಿನಲ್ಲಿ ತಂಬೂರಿ ಆ್ಯಪ್ ಹಾಕಿ, ಮೊದಲ ಸಾಲಿನ ಅಕ್ಕನ ಕಿವಿಗೆ ಇಯರ್‌ಫೋನ್ ಸಿಕ್ಕಿಸಿದ. ಅಕ್ಕ ಶ್ರುತಿ ಹಿಡಿದು ಮೆಲ್ಲಗೆ ಗುನುಗಿದರೆ ಉಳಿದವರು ಅದಕ್ಕೆ ಸೇರೋದು. ಚರ್ಚಿನ ಒಳಗೆ ಒಂದು ವಾದ್ಯವೂ ಕೇಳಿಸಲಿಲ್ಲ, ನಿಯಮವೂ ಉಳಿಯಿತು. ಫಾದರ್‌ಗೆ ಗೊತ್ತಾಯಿತೋ ಇಲ್ಲವೋ, ಅವರು ಕೇಳಲಿಲ್ಲ, ನಾವು ಹೇಳಲಿಲ್ಲ.

ಶುಕ್ರವಾರದ ಶಿಲುಬೆ ಹಾದಿಯನ್ನು ಬೆಳಿಗ್ಗೆ ಆರೂವರೆಗೇ ಶುರು ಮಾಡಿದೆವು. ಯೇಸು ಶಿಲುಬೆ ಹೊತ್ತ ದಾರಿ ನೆನೆದು ನಿಂತು ಪ್ರಾರ್ಥಿಸೋ ಹದಿನಾಲ್ಕು ಸ್ಥಳ, ಬರಿಗಾಲು, ಡಾಂಬರು ರಸ್ತೆ. ಎಂಟರ ಒಳಗೆ ಮುಗಿಯದಿದ್ದರೆ ಹಿರಿಯರ ಪಾದ ಬೊಬ್ಬೆ ಏಳುತ್ತದೆ. ಮಧ್ಯಾಹ್ನ ಒಂದೇ ಊಟ, ನುಚ್ಚು-ಮಜ್ಜಿಗೆ. ಮೂರಕ್ಕೆ ಯೇಸುವಿನ ಯಾತನೆಯ ವಾಚನ. ಅವತ್ತು ಬಲಿಪೂಜೆ ಇರೋದಿಲ್ಲ, ಪೀಠದ ಮೇಲೆ ಬಟ್ಟೆ ಕೂಡ ಇರೋದಿಲ್ಲ. ನನ್ನ ಕೆಲಸವೂ ಅವತ್ತೇ ಕಮ್ಮಿ.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಉಗ್ರಾಣದ ಬಾಗಿಲು ತೆಗೆದೆ. ಜಾಗರಣೆಯಲ್ಲಿ ಜನರ ಕೈಗೆ ಕೊಡೋ ಮುನ್ನೂರು ಸಣ್ಣ ಮೊಂಬತ್ತಿಯನ್ನು ಮಾರ್ಚ್‌ನಲ್ಲೇ ತಂದು ಅಲ್ಲಿ ಇಟ್ಟಿದ್ದೆ. ಎಲ್ಲವನ್ನೂ ಮೊದಲೇ ಮಾಡಬೇಕು ಅನ್ನೋ ಹಟ. ಆ ಕೋಣೆಯ ಸೂರು ತಗಡು ಅನ್ನೋದು ತಲೆಗೆ ಹೊಳೆದಿರಲಿಲ್ಲ. ಪೆಟ್ಟಿಗೆ ಬಿಚ್ಚಿದರೆ ಮೊಂಬತ್ತಿಗಳು ಮೆತ್ತಗಾಗಿ ಒಂದರ ಮೇಲೊಂದು ಒರಗಿ, ಬಿಲ್ಲಿನ ಹಾಗೆ ಬಾಗಿ, ಹತ್ತಿಪ್ಪತ್ತು ಒಂದೇ ಗಡ್ಡೆಯಾಗಿ ಅಂಟಿಕೊಂಡಿದ್ದವು. ಅಂಗಡಿಗೆ ಓಡಿದರೆ ಸಿಕ್ಕಿದ್ದು ಅರವತ್ತು.

ತಲೆ ಮೇಲೆ ಕೈ ಹೊತ್ತು ಕೂತಾಗ ನೆನಪಾದವನು ಜೀನ್ಸ್ ಹೊಲಿಗೆ ಯೂನಿಟ್ ನಡೆಸುವ ನಮ್ಮ ಓಣಿಯ ದೋಸ್ತ. ಬಂದವನು ಒಂದು ಬಾಗಿದ ಮೊಂಬತ್ತಿ ಎತ್ತಿ ಬೆರಳಲ್ಲಿ ಒತ್ತಿ ನೋಡಿದ. "ಲೇ, ಇದು ಬಟ್ಟೆ ಇದ್ದಂಗೇ. ಬಿಸಿ ಇದ್ದಾಗ ಇಸ್ತ್ರಿ, ತಣ್ಣಗಾದ ಮೇಲೆ ಮಡಿಕೆ. ಈಗ ಬಿಸಿ ಐತೆ, ಈಗ್ಲೇ ಮಾಡಬೇಕು."

ಚರ್ಚಿನ ಅಡಿಗೆಮನೆಯ ಕಡಪ ಕಲ್ಲನ್ನು ಒರೆಸಿದೆವು. ಗಡ್ಡೆಯನ್ನು ಬಿಸಿಲಿಗೆ ಎರಡು ನಿಮಿಷ ಇಟ್ಟು ಒಂದೊಂದಾಗಿ ಬಿಡಿಸೋದು. ಜಗ್ಗಿದರೆ ಬತ್ತಿ ಹೊರಗೆ ಬರುತ್ತದೆ, ತಿರುಚಿ ಬಿಡಿಸಬೇಕು. ಆಮೇಲೆ ಕಲ್ಲಿನ ಮೇಲೆ ಇಟ್ಟು, ಚಪಾತಿ ಮಣೆಯ ಬೆನ್ನಿನಿಂದ ಸಮವಾಗಿ ಒತ್ತಿ ಹಿಂದೆ ಮುಂದೆ ಉರುಳಿಸೋದು. ಬರೀ ಅಂಗೈಯಲ್ಲಿ ಉರುಳಿಸಿದರೆ ನಡುವೆ ತೆಳ್ಳಗಾಗುತ್ತದೆ, ಮೊದಲ ಹತ್ತು ಹಾಗೇ ಕೆಟ್ಟವು. ನೆಟ್ಟಗಾದ ತಕ್ಷಣ ಐಸ್ ಹಾಕಿದ ಬಕೆಟ್ಟಿಗೆ ಬಿಡೋದು. ಅಲ್ಲಿ ಅದು ಟಣ್ ಅನ್ನೋ ಹಾಗೆ ಗಟ್ಟಿಯಾಗುತ್ತದೆ. ತೆಗೆದು ಬತ್ತಿಯ ತುದಿಯನ್ನು ಬಟ್ಟೆಯಲ್ಲಿ ಒರೆಸಲೇಬೇಕು, ಇಲ್ಲದಿದ್ದರೆ ರಾತ್ರಿ ಚಟಚಟ ಅಂತ ಸಿಡಿಯುತ್ತದೆ. ನಾಲ್ಕು ಜನ, ಮೂರೂವರೆ ತಾಸು, ಇನ್ನೂರ ಹದಿನೇಳು ಮೊಂಬತ್ತಿ. ದೊಡ್ಡ ಪಾಸ್ಖ ಮೊಂಬತ್ತಿ ಮಾತ್ರ ಬಚಾವ್, ಅದು ಫಾದರ್ ಮನೆಯ ಬೀರುವಿನಲ್ಲಿತ್ತು. ಅದರ ಮೇಲಿನ ಶಿಲುಬೆ, ಆಲ್ಫಾ, ಒಮೇಗಾ, 2025ರ ನಾಲ್ಕು ಅಂಕಿ, ಐದು ಸಾಂಬ್ರಾಣಿ ಮೊಳೆ ಎಲ್ಲ ಇದ್ದಲ್ಲೇ ಇದ್ದವು.

ರಾತ್ರಿ ಹತ್ತೂವರೆಗೆ ಅಂಗಳದಲ್ಲಿ ಹೊಸ ಬೆಂಕಿ. ಗಾಳಿ ಜೋರಿತ್ತು, ಎರಡು ಸಲ ದೊಡ್ಡ ಮೊಂಬತ್ತಿ ಆರಿತು. ಮೂರನೇ ಸಲ ಬೆಂಗಳೂರಿನ ಇಬ್ಬರೂ ಅಂಗಿ ಅಗಲ ಮಾಡಿ ಗಾಳಿಗೆ ಅಡ್ಡ ನಿಂತರು. ದೀಪವೆಲ್ಲ ಆರಿಸಿದ ಕತ್ತಲಲ್ಲಿ ಅದನ್ನು ಎತ್ತಿ ಹಿಡಿದು "ಕ್ರಿಸ್ತ ಜ್ಯೋತಿ" ಅಂತ ಫಾದರ್ ಮೂರು ಸಲ ಹಾಡಿದರು. ಜ್ವಾಲೆ ಒಬ್ಬರಿಂದ ಒಬ್ಬರಿಗೆ ದಾಟುತ್ತಾ ಹಿಂದಿನ ಬೆಂಚಿನವರೆಗೆ ಬಂತು. ನನ್ನ ಕಣ್ಣು ಪೀಠದ ಕಡೆ ಇರಲಿಲ್ಲ. ಯಾರ ಕೈಯದು ಸೊಟ್ಟ ಇದೆ ಅಂತ ಸಾಲುಸಾಲಾಗಿ ನೋಡುತ್ತಿದ್ದೆ. ಮಹಿಮಾ ಗೀತೆಗೆ ಗಂಟೆ, ಕೀಬೋರ್ಡು ಒಟ್ಟಿಗೆ ಮೊಳಗಿದಾಗ ಮೊದಲ ಸಾಲಿನ ಅಕ್ಕ ಕಿವಿಯಿಂದ ಇಯರ್‌ಫೋನ್ ಕಿತ್ತು ಜೇಬಿಲ್ಲದ ಸೀರೆಯಲ್ಲಿ ಎಲ್ಲಿ ಇಡೋದು ಅಂತ ಪೇಚಾಡಿದ್ದು ನನಗೊಬ್ಬನಿಗೇ ಕಂಡಿದ್ದು.

ಭಾನುವಾರ ಮಟನ್, ಜೋಳದ ರೊಟ್ಟಿ, ನಿದ್ದೆ. ಗೆಳೆಯರನ್ನು ರೈಲಿಗೆ ಹತ್ತಿಸುವಾಗ, "ಮುಂದಿನ ಸಲ ರಜ ಹಾಕಿದರೆ ನಮಗೆ ಹೇಳಬೇಡ" ಅಂದರು. 2026ರ ಈಸ್ಟರ್ ಏಪ್ರಿಲ್ 5 ಅಂತ ಆಗಲೇ ಹೇಳಿಬಿಟ್ಟೆ. 2027ರದ್ದು ಮಾರ್ಚ್ 28, ಮತ್ತೆ ವರ್ಷಾಂತ್ಯ. ಅದನ್ನು ಸಾಹೇಬರಿಗೆ ಈಗಲೇ ಹೇಳೋ ಧೈರ್ಯ ಇಲ್ಲ.

ಸೋಮವಾರ 21ಕ್ಕೆ ಕಚೇರಿ. ಒಂಬತ್ತು ದಿನದ ಟಪಾಲು ಮೇಜಿನ ಮೇಲಿತ್ತು. ಮಧ್ಯಾಹ್ನ ಡಬ್ಬಿ ಬಿಚ್ಚಿದ್ದೆ, ಫೋನಿನಲ್ಲಿ ಸುದ್ದಿ: ಪೋಪ್ ಫ್ರಾನ್ಸಿಸ್ ತೀರಿಕೊಂಡರು. ಹಿಂದಿನ ದಿನವಷ್ಟೇ ಈಸ್ಟರ್ ಆಶೀರ್ವಾದಕ್ಕೆ ಬಾಲ್ಕನಿಗೆ ಬಂದಿದ್ದರು, ರೊಟ್ಟಿ ಮುರಿಯುತ್ತಾ ನಾವು ಅದನ್ನು ಟೀವಿಯಲ್ಲಿ ನೋಡಿದ್ದೆವು. ತುತ್ತು ಬಾಯಲ್ಲೇ ಇತ್ತು, ಉಪದೇಶಿಯ ಫೋನ್ ಬಂತು.

"ಅಣ್ಣ, ಕಪ್ಪು ಬಟ್ಟೆ ಎಲ್ಲಿಟ್ಟೀರಿ? ಉಗ್ರಾಣದಾಗ ಸಿಗವಲ್ದು."

"ಉಗ್ರಾಣದಾಗ ಏನೂ ಇಟ್ಟಿಲ್ಲಪ್ಪ ಈಗ. ಫಾದರ್ ಮನೆ ಬೀರು, ಮೇಲಿನ ಅರೆ. ಮೊಂಬತ್ತಿ ಪೆಟ್ಟಿಗೆ ಹಿಂದೆ ನೋಡು."