ಕೈಯಲ್ಲಿ ಕ್ಯಾಶ್ ಕೀಲಿ, ಹೊಟ್ಟೆಯಲ್ಲಿ ಕೂಸು: ಮೊದಲ ಮೂರು ತಿಂಗಳು ಕೆಲಸ ನಿಭಾಯಿಸುವುದು ಹೇಗೆ

ಏಳನೇ ತಿಂಗಳಲ್ಲಿ ಆಫೀಸಿನವರೆಲ್ಲ ಒಳ್ಳೆಯವರಾಗುತ್ತಾರೆ. ಕುರ್ಚಿ ಎಳೆದು ಕೊಡುತ್ತಾರೆ, ಫೈಲು ತಾವೇ ತಂದುಕೊಡುತ್ತಾರೆ, ಸೀಮಂತಕ್ಕೆ ಬಂದು ಉಂಡು ಹೋಗುತ್ತಾರೆ. ಆದರೆ ನನಗೆ ಕಷ್ಟ ಜಾಸ್ತಿ ಆಗಿದ್ದು ಮೊದಲ ಮೂರು ತಿಂಗಳಲ್ಲಿ. ಆಗ ಹೊಟ್ಟೆ ಕಾಣುವುದಿಲ್ಲ. ವಾಂತಿ, ತಲೆಸುತ್ತು, ನಿದ್ದೆ ಮಾತ್ರ ಇರುತ್ತವೆ. ಮನೆಯಲ್ಲಿ "ಮೂರು ತಿಂಗಳು ತುಂಬೋತನಕ ಯಾರ ಮುಂದೂ ಬಾಯಿ ಬಿಡಬ್ಯಾಡ" ಅಂದಿರುತ್ತಾರೆ. ಹಾಗಾಗಿ ಯಾರೂ ಅನುಕೂಲ ಮಾಡಿಕೊಡುವುದಿಲ್ಲ, ಅವರದ್ದೂ ತಪ್ಪಲ್ಲ.

ನಾನು ಬ್ಯಾಡಗಿಯ ಒಂದು ಬ್ಯಾಂಕ್ ಶಾಖೆಯಲ್ಲಿ ಆಫೀಸರ್. ಮನೆ ಹಾವೇರಿ, ದಿನಾ ಬಸ್ಸಿನಲ್ಲಿ ಓಡಾಟ. ಮೊದಲನೇ ಕೂಸಿನ ಹೊತ್ತಿಗೆ ಮೆಣಸಿನಕಾಯಿ ಸೀಸನ್ನೂ ಮಾರ್ಚ್ ಎಂಡೂ (ಬ್ಯಾಂಕಿನ ವರ್ಷದ ಲೆಕ್ಕ ಮುಗಿಸುವ ಹೊತ್ತು) ಒಟ್ಟಿಗೇ ಬಂದವು. ನಾನು ಡಾಕ್ಟರ್ ಅಲ್ಲ. ಔಷಧಿಯ ಮಾತು ಬಂದಲ್ಲಿ ನಿಮ್ಮ ಡಾಕ್ಟರನ್ನೇ ಕೇಳಿ. ಕೆಲಸದ ಜಾಗದಲ್ಲಿ ಏನು ಮಾಡಿದರೆ ದಿನ ಸಾಗುತ್ತದೆ ಎಂಬುದನ್ನು ಮಾತ್ರ ನಾನು ಹೇಳಬಲ್ಲೆ.

ಮೊದಲು ಒಬ್ಬರಿಗೆ ಹೇಳಿ

ಹಿರಿಯರ ಮಾತಿಗೆ ಕಾರಣ ಇದೆ. ಗರ್ಭ ಇಳಿಯುವುದಿದ್ದರೆ ಹೆಚ್ಚಾಗಿ ಮೊದಲ ಹನ್ನೆರಡು ವಾರಗಳಲ್ಲೇ ಇಳಿಯುತ್ತದೆ. ಊರಿಗೆಲ್ಲ ಹೇಳಿದ ಮೇಲೆ ಹಾಗಾದರೆ ಎಲ್ಲರಿಗೂ ಮತ್ತೆ ಉತ್ತರ ಕೊಡಬೇಕು. ಅದು ಯಾರಿಗೆ ಬೇಕು? ಅದಕ್ಕೇ ಊರಿಗೆ ಹೇಳಬೇಡಿ. ಆದರೆ ನೀವು ಇಲ್ಲದಿದ್ದರೆ ಯಾರ ಕೆಲಸ ನಿಲ್ಲುತ್ತದೋ ಆ ಒಬ್ಬರಿಗೆ ಹೇಳಿ.

ನನ್ನ ಮಟ್ಟಿಗೆ ಅವರು ಹೆಡ್ ಕ್ಯಾಶಿಯರ್. ಬ್ಯಾಂಕಿನಲ್ಲಿ ಕ್ಯಾಶ್ ಜಾಯಿಂಟ್ ಕಸ್ಟಡಿಯಲ್ಲಿ ಇರುತ್ತದೆ. ಒಂದು ಕೀಲಿ ಅವರ ಹತ್ತಿರ, ಇನ್ನೊಂದು ನನ್ನ ಹತ್ತಿರ. ಬೆಳಿಗ್ಗೆ ತೆಗೆಯಲು ಇಬ್ಬರೂ ಬೇಕು, ಸಂಜೆ ಕ್ಯಾಶ್ ಟ್ಯಾಲಿ ಆಗಿ ಒಳಗೆ ಇಡುವಾಗಲೂ ಇಬ್ಬರೂ ಬೇಕು. ನಾನು ಮೋಟೆಬೆನ್ನೂರು ಕ್ರಾಸಿನಲ್ಲಿ ಬಸ್ಸಿಳಿದು ವಾಂತಿ ಮಾಡುತ್ತಾ ಕೂತರೆ ಬ್ಯಾಡಗಿಯಲ್ಲಿ ಕೌಂಟರ್ ತೆರೆಯುವುದೇ ಇಲ್ಲ. ಅವರಿಗೆ ಹೇಳಿದೆ. ಅವರು ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ಎರಡು ಹೆಣ್ಣುಮಕ್ಕಳ ತಂದೆ. "ಇಷ್ಟs ಹೌದಿಲ್ಲೋ ತಂಗಿ? ಮ್ಯಾನೇಜರ್‌ಗೆ ಹೇಳಿ ಕೀಲಿ ಬದಲಿ ಮಾಡ್ಸೋಣು" ಅಂದರು. ಅಷ್ಟೇ ಮಾತು.

ಕೀಲಿಯನ್ನು ಇನ್ನೊಬ್ಬ ಆಫೀಸರಿಗೆ ವಹಿಸಿಕೊಡಲು ರಿಜಿಸ್ಟರ್ ಇದೆ, ಕ್ರಮ ಇದೆ. ಯಾರನ್ನೂ ಬೇಡಿಕೊಳ್ಳಬೇಕಾಗಿಲ್ಲ. ನಿಮ್ಮ ಕೆಲಸದಲ್ಲೂ ಇಂಥದ್ದೊಂದು ಇದ್ದೇ ಇರುತ್ತದೆ. ನರ್ಸ್ ಆದರೆ ವಾರ್ಡಿನ ಚಾರ್ಜ್, ಟೀಚರ್ ಆದರೆ ಮೊದಲ ಪಿರಿಯಡ್, ಸಾಫ್ಟ್‌ವೇರಿನವರಾದರೆ ರಾತ್ರಿಯ ಆನ್-ಕಾಲ್. ಅದೊಂದನ್ನು ಮೊದಲು ಕೈಯಿಂದ ಬಿಡಿಸಿಕೊಳ್ಳಿ. ಉಳಿದದ್ದು ಆಮೇಲೆ.

ಮ್ಯಾನೇಜರಿಗೆ ಹೇಳುವಾಗ "ನನಗೆ ಆಗ್ತಾ ಇಲ್ಲ ಸರ್" ಅಂತ ಶುರು ಮಾಡಬೇಡಿ. ಅದಕ್ಕೆ ಅವರ ಹತ್ತಿರ ಸಮಾಧಾನದ ಮಾತು ಬಿಟ್ಟು ಬೇರೆ ಏನೂ ಇರುವುದಿಲ್ಲ. ಏನು ಬೇಕೋ ಅದನ್ನೇ ಕೇಳಿ. ನಾನು ಕೇಳಿದ್ದು ಇವು: ಸಾಲ ವಸೂಲಿಗೆ ಹಳ್ಳಿಗೆ ಬೈಕಿನಲ್ಲಿ ಹೋಗುವುದು ಬೇಡ, ಅದರ ಬದಲು ಫೋನಿನಲ್ಲಿ ವಸೂಲಿ ಫಾಲೋಅಪ್ ನಾನೇ ಮಾಡುತ್ತೇನೆ. ಬೆಳಗಿನ ಕೀಲಿ ಬೇಡ, ಮಧ್ಯಾಹ್ನದ ಚೆಕಿಂಗ್ ಪೂರ್ತಿ ನನಗಿರಲಿ. ಸಂಜೆಯ ವಿಡಿಯೋ ಮೀಟಿಂಗ್ ದಿನ ಬಿಟ್ಟು ದಿನ. ಬಿಡುವ ಪ್ರತಿ ಕೆಲಸಕ್ಕೂ ಮಾಡುವ ಕೆಲಸವೊಂದನ್ನು ಜೋಡಿಸಿ ಕೇಳಿದರೆ ಇಲ್ಲ ಅನ್ನುವುದು ಕಷ್ಟ. ಮೂರನೆಯದಕ್ಕೆ ಮಾತ್ರ ಅವರು ಒಪ್ಪಲಿಲ್ಲ.

ಬೆಳಿಗ್ಗೆ ಮತ್ತು ಬಸ್ಸು

ವಾಂತಿ ಸಾಮಾನ್ಯವಾಗಿ ಆರನೇ ವಾರದ ಸುಮಾರಿಗೆ ಶುರುವಾಗಿ, ಒಂಬತ್ತರ ಹೊತ್ತಿಗೆ ಜೋರಾಗಿ, ಹನ್ನೆರಡರಿಂದ ಹದಿನಾರರ ಒಳಗೆ ಹೆಚ್ಚಿನವರಿಗೆ ಕಡಿಮೆ ಆಗುತ್ತದೆ. ಇದನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಯಾವ ವಾರ ಕೆಟ್ಟದಾಗಿರಬಹುದು ಅಂತ ಗೊತ್ತಿದ್ದರೆ ರಜೆ ಅಲ್ಲಿಗೆ ಉಳಿಸಿಕೊಳ್ಳಬಹುದು. ಎರಡನೇ ಮತ್ತು ನಾಲ್ಕನೇ ಶನಿವಾರದ ರಜೆಗೆ ಒಂದು ಸಿಎಲ್ (ಸಾಂದರ್ಭಿಕ ರಜೆ) ಸೇರಿಸಿದರೆ ಮೂರು ದಿನ ಮಲಗಬಹುದು.

ಖಾಲಿ ಹೊಟ್ಟೆಯೇ ದೊಡ್ಡ ಶತ್ರು. ಏಳುವ ಮೊದಲೇ, ಹಾಸಿಗೆಯಲ್ಲೇ ಏನಾದರೂ ಒಣಗಿದ್ದನ್ನು ತಿನ್ನಿ ಅನ್ನುತ್ತಾರೆ. ಎಲ್ಲರೂ ಬಿಸ್ಕತ್ತು ಹೇಳುತ್ತಾರೆ. ನನಗೆ ಅದರ ಸಿಹಿಯೇ ಆಗಿಬರಲಿಲ್ಲ. ಖಡಕ್ ರೊಟ್ಟಿಯ ತುಂಡು ಚೆನ್ನಾಗಿ ಹಿಡಿಯಿತು. ಮುರಿದು ಡಬ್ಬಿಯಲ್ಲಿ ಹಾಕಿ ತಲೆದಿಂಬಿನ ಹತ್ತಿರ ಇಟ್ಟುಕೊಳ್ಳುತ್ತಿದ್ದೆ. ಬ್ಯಾಂಕಿನ ಡ್ರಾಯರಿನಲ್ಲಿ ಚುರುಮುರಿ, ಪುಟಾಣಿ. ಎರಡು ಗಂಟೆಗೊಮ್ಮೆ ಒಂದು ಹಿಡಿ ಸಾಕು. ಮಧ್ಯಾಹ್ನ ಮೊಸರನ್ನ. ಪಲ್ಯದ ವಾಸನೆ ಬೇಡ ಅನ್ನಿಸಿದರೆ ಊಟದ ರೂಮಿಗೆ ಹೋಗಲೇಬೇಡಿ. ಎಲ್ಲರ ಡಬ್ಬಿ ಒಟ್ಟಿಗೆ ತೆರೆದಾಗ ಬರುವ ವಾಸನೆ ಯಾವ ಬಸುರಿಗೂ ಬೇಡ.

ಇದ್ಯಾವುದಕ್ಕೂ ನಿಲ್ಲದಿದ್ದರೆ ಡಾಕ್ಟರಿಗೆ ಹೇಳಿ. ಡಾಕ್ಸಿಲಮೀನ್ ಮತ್ತು ವಿಟಮಿನ್ ಬಿ6 ಸೇರಿದ ಮಾತ್ರೆಯನ್ನು ಸಾಮಾನ್ಯವಾಗಿ ಬರೆದುಕೊಡುತ್ತಾರೆ. ಅದು ನಿದ್ದೆ ಬರಿಸುತ್ತದೆ. ಹಾಗಾಗಿ "ನಾನು ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ದುಡ್ಡು ಎಣಿಸುವವಳು" ಅಂತ ಹೇಳಿ, ಯಾವಾಗ ತಗೊಳ್ಳಬೇಕು ಅಂತ ಕೇಳಿ. ಫೋಲಿಕ್ ಆಸಿಡ್ ಮಾತ್ರೆ ಮಾತ್ರ ತಪ್ಪಿಸಬೇಡಿ, ಮೊದಲ ಹನ್ನೆರಡು ವಾರಕ್ಕೆ ಅದು ಮುಖ್ಯ. ತಲೆನೋವು ಅಂತ ಪಕ್ಕದ ಟೇಬಲಿನವರು ಕೊಡುವ ಮಾತ್ರೆ ನುಂಗಬೇಡಿ. ಬಸುರಿನಲ್ಲಿ ಎಲ್ಲ ನೋವಿನ ಮಾತ್ರೆಗಳೂ ಒಂದೇ ಅಲ್ಲ.

ಬಸ್ಸಿನ ಮಾತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಟಿಕೆಟ್ ದುಡ್ಡು ಉಳಿಯಿತು, ಸೀಟು ಹೋಯಿತು. ಹೊಟ್ಟೆ ಕಾಣದ ಬಸುರಿಗೆ ಯಾರು ಎದ್ದು ಕೊಡುತ್ತಾರೆ? ಬಾಯಿ ಬಿಟ್ಟು ಕೇಳಬೇಕು. "ಅಕ್ಕಾ, ತಲೆ ತಿರುಗಾಕತ್ತೇತಿ, ಸ್ವಲ್ಪ ಜಾಗ ಕೊಡ್ರಿ" ಅಂದರೆ ಸಾಕು, ಕಾರಣ ಹೇಳಬೇಕಿಲ್ಲ. ಹೆಂಗಸರಿಗೆ ಮರುಮಾತು ಬೇಕಾಗುವುದಿಲ್ಲ, ಮುಖ ನೋಡಿಯೇ ತಿಳಿದುಕೊಳ್ಳುತ್ತಾರೆ. ಹಿಂದಿನ ಸೀಟು ಬೇಡ, ಕುಲುಕಾಟ ಜಾಸ್ತಿ. ಕಿಟಕಿ ಪಕ್ಕ ಇದ್ದರೆ ಒಳ್ಳೆಯದು. ಪರ್ಸಿನಲ್ಲಿ ಎರಡು ಪ್ಲಾಸ್ಟಿಕ್ ಕವರ್ ಇಟ್ಟುಕೊಳ್ಳಿ.

ಘಾಟು, ನೋಟು, ಕೌಂಟರು

ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಅಂತ ಹೆಸರು. ಹೊರಗಿನವರು ಅದನ್ನು ನಂಬಿಕೊಂಡು ಬರುತ್ತಾರೆ. ಸೀಸನ್ನಿನಲ್ಲಿ ಊರೊಳಗೆ ಕಾಲಿಟ್ಟ ಕೂಡಲೇ ಸೀನು ಶುರು. ದಲಾಲಿ ಅಂಗಡಿಯಿಂದ ಬರುವ ನೋಟಿನ ಕಟ್ಟಿನಲ್ಲೂ ಅದೇ ಘಾಟು. ಎಣಿಸುವ ಮಷಿನ್ನಿಗೆ ಹಾಕಿದರೆ ಫ್ಯಾನಿನ ಗಾಳಿಗೆ ಧೂಳು ಮುಖಕ್ಕೇ ಬರುತ್ತದೆ. ಬಸುರಿನಲ್ಲಿ ಮೂಗು ಮೊದಲೇ ಚುರುಕಾಗಿರುತ್ತದೆ, ಅದರ ಮೇಲೆ ಇದು.

ಮಾಸ್ಕ್ ಹಾಕಿ. ಮಷಿನ್ನನ್ನು ಪಕ್ಕಕ್ಕೆ ತಿರುಗಿಸಿ ಇಡಿ. ಬೆರಳಿಗೆ ಎಂಜಲು ಹಚ್ಚಿ ನೋಟು ಎಣಿಸುವ ಅಭ್ಯಾಸ ಇದ್ದರೆ ಈಗಲೇ ಬಿಡಿ, ಸ್ಪಂಜ್ ಡಬ್ಬಿ ತರಿಸಿಕೊಳ್ಳಿ. ತಿನ್ನುವ ಮೊದಲು ಸೋಪು ಹಚ್ಚಿ ಕೈ ತೊಳೆಯಿರಿ. ಗೋಲ್ಡ್ ಲೋನ್ ಕೌಂಟರಿನ ಪಕ್ಕ ಕೂರುವವರು ಇನ್ನೊಂದು ನೋಡಿಕೊಳ್ಳಿ. ಬಂಗಾರ ಪರೀಕ್ಷೆ ಮಾಡುವವರು ಒರೆಗಲ್ಲಿನ ಮೇಲೆ ಆಸಿಡ್ ಹಾಕುತ್ತಾರೆ, ಅದರ ಹೊಗೆಯಲ್ಲಿ ಕೂರಬೇಡಿ. ನಾನು ಟೇಬಲ್ ಬದಲಾಯಿಸಿಕೊಂಡೆ. "ವಾಸನೆ ಆಗಲ್ಲ" ಅಂದೆ, ಯಾರೂ ಹೆಚ್ಚು ಕೇಳಲಿಲ್ಲ. ನಾಣ್ಯದ ಚೀಲ ಎತ್ತಬೇಡಿ. ಅದಕ್ಕೆ ಜನ ಇದ್ದಾರೆ.

ನೀರು ಕುಡಿದರೆ ಪದೇ ಪದೇ ಏಳಬೇಕಾಗುತ್ತದೆ ಅಂತ ಕೌಂಟರಿನವರು ನೀರೇ ಕುಡಿಯುವುದಿಲ್ಲ. ಮಾರ್ಚಿನ ಬಿಸಿಲಿನಲ್ಲಿ ಇದು ದೊಡ್ಡ ಅಪಾಯ. ಬಸುರಿನಲ್ಲಿ ಉರಿಮೂತ್ರ ಬೇಗ ಬರುತ್ತದೆ, ಬಂದರೆ ಸುಮ್ನೆ ಬಿಡುವಂತಿಲ್ಲ. ಪಿಂಚಣಿಯವರ ಸಾಲು ಇರಲಿ, ಗೃಹಲಕ್ಷ್ಮಿ ದುಡ್ಡು ಬಂತಾ ಅಂತ ಪಾಸ್‌ಬುಕ್ ಎಂಟ್ರಿಗೆ ಬಂದವರ ಸಾಲು ಇರಲಿ, "ಐದು ನಿಮಿಷ ರೀ" ಅಂತ ಬೋರ್ಡು ತಿರುಗಿಸಿ ಎದ್ದು ಹೋಗಿ. ಒಂದಿಬ್ಬರು ಗೊಣಗುತ್ತಾರೆ. ಗೊಣಗಲಿ ಬಿಡಿ.

ಚಹಾ ಬಿಡಬೇಕಾಗಿಲ್ಲ. ದಿನಕ್ಕೆ 200 ಮಿಲಿಗ್ರಾಂ ಒಳಗೆ ಕೆಫೀನ್ ಇರಲಿ ಅನ್ನುತ್ತಾರೆ. ಹೋಟೆಲಿನ ಸಣ್ಣ ಗ್ಲಾಸಿನ ಎರಡು ಚಹಾಕ್ಕೆ ಅಷ್ಟಾಗುವುದಿಲ್ಲ. ಮಾರ್ಚ್ ಎಂಡಿನಲ್ಲಿ ಲೆಕ್ಕವಿಲ್ಲದೆ ಬರುವ ಗ್ಲಾಸುಗಳಿಗೆ ಮಾತ್ರ ಬೇಡ ಅನ್ನಿ.

ಮಧ್ಯಾಹ್ನ ಮೂರರ ಹೊತ್ತಿಗೆ ಕಣ್ಣು ಎಳೆಯುತ್ತದೆ. ಅದು ಸೋಮಾರಿತನ ಅಲ್ಲ, ಹಾರ್ಮೋನಿನ ಕೆಲಸ. ಆ ಹೊತ್ತಿನಲ್ಲಿ ದೊಡ್ಡ ಮೊತ್ತದ ಎಂಟ್ರಿ ಪಾಸ್ ಮಾಡಬೇಡಿ. ಒಂದು ಸೊನ್ನೆ ಜಾಸ್ತಿ ಆದರೆ ರಾತ್ರಿ ಎಂಟರವರೆಗೆ ಕೂತು ಹುಡುಕಬೇಕಾಗುತ್ತದೆ. ತಲೆ ಚುರುಕಿರುವ ಹೊತ್ತು ಯಾವುದು ಅಂತ ಒಂದು ವಾರ ಗಮನಿಸಿ. ನನಗೆ ಹನ್ನೊಂದೂವರೆಯಿಂದ ಎರಡು. ಕಷ್ಟದ ಕೆಲಸವೆಲ್ಲ ಅಲ್ಲಿಗೆ, ಫೈಲಿಂಗು, ಫೋನು ಮೂರರ ಮೇಲೆ.

ಟಾರ್ಗೆಟ್ಟು ಮತ್ತು ತಲೆಬಿಸಿ

ಸಂಜೆ ಆರಕ್ಕೆ ಮೇಲಿನ ಆಫೀಸಿನಿಂದ ವಿಡಿಯೋ ಮೀಟಿಂಗ್. ಇನ್ಶೂರೆನ್ಸ್ ಎಷ್ಟಾಯಿತು, ಎನ್‌ಪಿಎ (ವಸೂಲಾಗದೆ ನಿಂತ ಸಾಲ) ಎಷ್ಟು ಇಳಿಯಿತು, ಯಾಕೆ ಆಗಿಲ್ಲ. ಒಬ್ಬೊಬ್ಬರನ್ನೇ ನಿಲ್ಲಿಸಿ ಕೇಳುತ್ತಾರೆ. ಕೂಗುತ್ತಾರೆ ಕೂಡ. ಇದನ್ನು ಬದಲಾಯಿಸಲು ನನ್ನಿಂದಾಗಲಿಲ್ಲ. ಮಾಡಿದ್ದು ಇಷ್ಟೇ: ಮೀಟಿಂಗಿಗೆ ಮೊದಲು ಹೊಟ್ಟೆಗೆ ಏನಾದರೂ ಹಾಕಿಕೊಳ್ಳುತ್ತಿದ್ದೆ, ನನ್ನ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳುತ್ತಿದ್ದೆ, ಕೇಳಿದಾಗ ಅಂಕಿ ಓದುತ್ತಿದ್ದೆ, ಕಾರಣ ವಿವರಿಸಲು ಹೋಗುತ್ತಿರಲಿಲ್ಲ. ವಿವರಿಸಿದಷ್ಟೂ ಬೈಗುಳ ಉದ್ದ ಆಗುತ್ತದೆ. ಮನೆಗೆ ಬಂದ ಮೇಲೆ ಬ್ಯಾಂಕಿನ ವಾಟ್ಸಾಪ್ ಗ್ರೂಪ್ ಮ್ಯೂಟ್. ತುರ್ತು ಇದ್ದರೆ ಫೋನ್ ಮಾಡುತ್ತಾರೆ.

"ಇಷ್ಟು ಟೆನ್ಶನ್ ಮಾಡ್ಕೊಂಡ್ರ ಕೂಸಿಗೆ ತಾಗತೈತಿ" ಅಂತ ಹೇಳುವವರು ಸಿಗುತ್ತಾರೆ. ಟೆನ್ಶನ್ ಕಡಿಮೆ ಮಾಡಲಿ ಅಂತ ಹೇಳಿದ ಆ ಮಾತೇ ಇನ್ನೊಂದು ಟೆನ್ಶನ್. ತಿಳಿದಿರಲಿ: ಮೊದಲ ತಿಂಗಳುಗಳಲ್ಲಿ ಗರ್ಭ ನಿಲ್ಲದಿರಲು ಹೆಚ್ಚಿನ ಸಲ ಕಾರಣ ಭ್ರೂಣದ ಕ್ರೋಮೋಸೋಮಿನಲ್ಲಿ ತಾನಾಗಿ ಆಗುವ ಏರುಪೇರು. ಒಂದು ಕೆಟ್ಟ ಮೀಟಿಂಗಿನಿಂದ, ಮಾರ್ಚ್ ಎಂಡಿನಿಂದ ಹಾಗಾಗುವುದಿಲ್ಲ. ಯಾರಿಗಾದರೂ ಹಾಗಾಗಿದ್ದರೆ "ಕೆಲಸಕ್ಕೆ ಹೋಗಿದ್ದಕ್ಕೇ" ಅನ್ನುವ ಮಾತನ್ನು ಅವಳ ಮೇಲೆ ಹಾಕಬೇಡಿ.

ಆದರೆ ನಿದ್ದೆಯೇ ಬರುತ್ತಿಲ್ಲ, ಸುಮ್ನೆ ಅಳು ಬರುತ್ತದೆ, ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಹೋಗಲೂ ಭಯ, ಇದು ವಾರಗಟ್ಟಲೆ ಇದ್ದರೆ ಡಾಕ್ಟರಿಗೆ ಹೇಳಿ. ಟೆಲಿ ಮಾನಸ್ ಸಹಾಯವಾಣಿ 14416 ಇದೆ. ದುಡ್ಡು ಕೊಡಬೇಕಿಲ್ಲ, ದಿನದ ಯಾವ ಹೊತ್ತಿನಲ್ಲೂ ಕನ್ನಡದಲ್ಲೇ ಮಾತಾಡಬಹುದು.

ಮನೆ ಕೆಲಸ ಕೂಡ ಕೆಲಸವೇ. ನಾನು ಸಂಜೆ ರೊಟ್ಟಿ ಬಡಿಯುವುದನ್ನು ಪೂರ್ತಿ ಬಿಟ್ಟೆ. ನಮ್ಮ ಕಡೆ ರೊಟ್ಟಿ ಮಾಡಿ ಮಾರುವ ಮನೆಗಳಿವೆ, ಯಜಮಾನರು ದಾರಿಯಲ್ಲಿ ತರುತ್ತಿದ್ದರು. ಅತ್ತೆಗೆ ಮೊದಮೊದಲು ಸರಿಬರಲಿಲ್ಲ. ಆಮೇಲೆ ಆ ರೊಟ್ಟಿ ತಮ್ಮದಕ್ಕಿಂತ ತೆಳ್ಳಗಿದೆ ಅಂತ ಅವರೇ ಹೇಳಿದರು!

ತಡ ಮಾಡಬಾರದ್ದು

ರಕ್ತ ಹೋಗುವುದು, ಹೊಟ್ಟೆಯ ಒಂದು ಬದಿಗೆ ಜೋರು ನೋವು, ಹೆಗಲ ತುದಿಯಲ್ಲಿ ನೋವು, ಎಚ್ಚರ ತಪ್ಪುವುದು, ಜ್ವರ, ಇಡೀ ದಿನ ಗುಟುಕು ನೀರೂ ನಿಲ್ಲದಿರುವುದು, ಮೂತ್ರ ಗಾಢ ಹಳದಿಯಾಗಿ ಕಡಿಮೆ ಆಗುವುದು. ಇವುಗಳಲ್ಲಿ ಒಂದಿದ್ದರೂ ಡೇ ಎಂಡ್ (ದಿನದ ಕೊನೆಯ ಲೆಕ್ಕ) ಮುಗಿಸಿ ಹೋಗೋಣ ಅನ್ನಬೇಡಿ. ಆಸ್ಪತ್ರೆಗೆ ಹೋಗಿ. ಗಾಡಿ ಇಲ್ಲದಿದ್ದರೆ 108. ಬ್ಯಾಂಕಿನಲ್ಲಿ ಒಬ್ಬರಿಗೆ ಹೇಳಿರಬೇಕು ಅಂದಿದ್ದು ಇದಕ್ಕೂ ಕೂಡ. ಅವರ ಹತ್ತಿರ ನಿಮ್ಮ ಮನೆಯವರ ನಂಬರು, ಡಾಕ್ಟರ್ ನಂಬರು ಇರಲಿ.

ಕಾಗದ

ಹನ್ನೆರಡು ವಾರದೊಳಗೆ ಹೆಸರು ನೋಂದಾಯಿಸಿ ತಾಯಿ ಕಾರ್ಡ್ ಮಾಡಿಸಿ. ಖಾಸಗಿ ಆಸ್ಪತ್ರೆಯಲ್ಲಿ ತೋರಿಸುತ್ತಿದ್ದರೂ ಮಾಡಿಸಿ. ನಿಮ್ಮ ಓಣಿಯ ಆಶಾ ಕಾರ್ಯಕರ್ತೆಗೆ ಹೇಳಿದರೆ ದಾರಿ ತೋರಿಸುತ್ತಾರೆ.

ರಜೆಯ ಲೆಕ್ಕ ಈಗಲೇ ತಿಳಿದುಕೊಳ್ಳಿ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಬಂದ ತಿದ್ದುಪಡಿಯಿಂದ, ಬದುಕಿರುವ ಮಕ್ಕಳು ಎರಡಕ್ಕಿಂತ ಕಡಿಮೆ ಇದ್ದರೆ 26 ವಾರ ಸಂಬಳ ಸಹಿತ ರಜೆ, ಅದರಲ್ಲಿ ಹೆರಿಗೆಗೆ ಮೊದಲು ಹೆಚ್ಚೆಂದರೆ 8 ವಾರ. ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿರಬೇಕು. ಬಸುರಿನಿಂದಲೇ ಕಾಯಿಲೆ ಬಿದ್ದರೆ ದಾಖಲೆ ಕೊಟ್ಟು ಇನ್ನೊಂದು ತಿಂಗಳವರೆಗೆ ಸಿಗುತ್ತದೆ. ಗರ್ಭ ಇಳಿದರೆ 6 ವಾರ. ಇದು ಎಷ್ಟೋ ಹೆಣ್ಣುಮಕ್ಕಳಿಗೆ ಗೊತ್ತೇ ಇಲ್ಲ, ಎರಡೇ ದಿನಕ್ಕೆ ಕೆಲಸಕ್ಕೆ ಬಂದವರನ್ನು ನೋಡಿದ್ದೇನೆ.

ಮೂರು ತಿಂಗಳು ತುಂಬಿದ ಮೇಲೆ ಮ್ಯಾನೇಜರಿಗೆ ಬಾಯಲ್ಲಿ ಹೇಳಿದ್ದನ್ನು ಬರೆದು ಕೊಡಿ. ಡಾಕ್ಟರ್ ಸರ್ಟಿಫಿಕೇಟು, ಹೆರಿಗೆಯ ಅಂದಾಜು ತಾರೀಖು, ಯಾವ ಕೆಲಸ ಬೇಡ ಎಂಬುದು, ಟ್ರಾನ್ಸ್‌ಫರ್ ಸೀಸನ್ ಹತ್ತಿರ ಇದ್ದರೆ ಈ ಊರಲ್ಲೇ ಇರಿಸಿ ಎಂಬ ಕೋರಿಕೆ, ಎಲ್ಲ ಒಂದೇ ಪುಟದಲ್ಲಿ. ಇಮೇಲೂ ಕಳಿಸಿ, ಕಾಗದವೂ ಕೊಡಿ. ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಂಡು ಮನೆಗೆ ತನ್ನಿ.